ವಿಷಯ: ಹೆಸರಿನ ನಕಲು ತೆಗೆಯದೆ ಅದರ ಗೂಡನ್ನು ಗುರುತಿಸುವ ಬಗ್ಗೆ

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಇದು ನನ್ನ ಮೊದಲ ಲೇಖನ. ಈ ಒಂದು ವಾಕ್ಯವನ್ನೇ ನಾನು ಆರು ಸಲ ತಿದ್ದಿದ್ದೇನೆ. ಮೊದಲ ಕರಡಿನಲ್ಲಿ ‘ಓದುಗರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದಿತ್ತು. ಓದುಗರಿಂದ ನನಗೆ ಮಂಜೂರಾಗಬೇಕಾದದ್ದು ಏನೂ ಇಲ್ಲವೆಂದು ಹೊಳೆದು ಅದನ್ನು ಹೊಡೆದುಹಾಕಿದೆ. ಹೊಡೆದುಹಾಕಿದ ಮೇಲೆ, ನಿಜವಾಗಿಯೂ ಏನೂ ಇಲ್ಲವೇ, ಸ್ವಲ್ಪ ಸಹನೆಯಾದರೂ ಮಂಜೂರಾಗಬೇಡವೇ ಎಂಬ ಸಂಶಯ ಬಂದು, ಎದ್ದುಹೋಗಿ ನೀರು ಕುಡಿದು ಬಂದೆ. ಬಂದು ಕೂತ ಮೇಲೆ, ಲೇಖನಕ್ಕೆ ‘ವಿಷಯ’ ಎಂಬ ಶೀರ್ಷಿಕೆ ಇಟ್ಟವನು ‘ಉಲ್ಲೇಖ’ ಎಂಬುದನ್ನೂ ಬರೆಯಬೇಕಲ್ಲವೇ ಎಂಬ ಇನ್ನೊಂದು ಸಂಶಯ ಹುಟ್ಟಿತು. ಉಲ್ಲೇಖಿಸಲು ಹಿಂದಿನ ಪತ್ರ ಯಾವುದೂ ಇಲ್ಲದ್ದರಿಂದ ಆ ಜಾಗವನ್ನು ಖಾಲಿ ಬಿಡಲಾಗಿದೆ. ಇಷ್ಟರಲ್ಲಿ ಅರ್ಧ ಮಧ್ಯಾಹ್ನ ಕಳೆದಿದೆ ಎಂಬುದನ್ನು ಸಹ ದಾಖಲಿಸುತ್ತೇನೆ.

ಕೆಲವರಿಗೆ ಉಗುರು ಕಚ್ಚುವ ಅಭ್ಯಾಸ, ಕೆಲವರಿಗೆ ಕೂತಲ್ಲಿ ಕಾಲು ಅಲ್ಲಾಡಿಸುವ ಅಭ್ಯಾಸ. ನನಗೆ ಈ ಎರಡರ ಜೊತೆಗೆ ನಕಲು ತೆಗೆಯುವ ಅಭ್ಯಾಸವೂ ಇದೆ. ಪರೀಕ್ಷೆಯಲ್ಲಿ ತೆಗೆಯುವ ನಕಲಲ್ಲ. ಅದಕ್ಕೆ ಬೇಕಾದ ಧೈರ್ಯ ನನಗೆ ಎಂದೂ ಇರಲಿಲ್ಲ. ನಾನು ಹೇಳುತ್ತಿರುವುದು ಕಾಗದಪತ್ರಗಳ ನಕಲಿನ ವಿಚಾರ. ಹೈದರಾಬಾದಿನ ಹೊರಭಾಗದ ಒಂದು ಕೇಂದ್ರ ಸರ್ಕಾರಿ ಕಾರ್ಖಾನೆಯಲ್ಲಿ ಹದಿನೇಳು ವರ್ಷ ನಾನು ಟಪಾಲು ವಿಭಾಗದ ಗುಮಾಸ್ತನಾಗಿದ್ದೆ. ಅಲ್ಲಿ ನನಗೆ ಮೇಲ್ವಿಚಾರಕರಾಗಿದ್ದವರು ಮೈಸೂರು ಕಡೆಯ ನಂಜುಂಡಯ್ಯನವರು. ನಾನು ಸೇರಿದ ಎರಡನೆಯ ವಾರದಲ್ಲಿ ಒಂದು ಮೂಲ ಪತ್ರದ ಮೇಲೆ ಚಹಾದ ಲೋಟ ಇಟ್ಟು, ಅದರ ಮೇಲೆ ಹುಣ್ಣಿಮೆ ಚಂದ್ರನಷ್ಟು ದುಂಡಗಿನ ಕಲೆ ಮೂಡಿಸಿದ್ದೆ. ಆ ಕಲೆಯ ಬಗ್ಗೆ ವಿವರಣೆ ಕೇಳಿ ಬಂದ ಜ್ಞಾಪನಗಳಿಗೆ ಉತ್ತರ ಬರೆಯುವುದರಲ್ಲೇ ಮೂರು ವಾರ ಹೋಯಿತು. ಕೊನೆಗೆ ನಂಜುಂಡಯ್ಯನವರು ನನ್ನನ್ನು ಪಕ್ಕಕ್ಕೆ ಕರೆದು, “ನೋಡಯ್ಯ ಗುರುನಾಥ, ಮೂಲ ಪ್ರತೀನ ಮುಟ್ಟಬೇಡ. ಮೊದಲು ಒಂದು ನಕಲು ತೆಗಿ. ಏನೇ ಮಾಡೋದಿದ್ರೂ ಆ ನಕಲಿನ ಮೇಲೆ ಮಾಡು. ಕಚೇರಿಗೆ ಅಂತ ಇನ್ನೊಂದು ನಕಲು ತೆಗೆದಿಡು. ನೀನೂ ಬದುಕ್ತೀಯ, ನಾನೂ ಬದುಕ್ತೀನಿ” ಎಂದರು. ಅಂದಿನಿಂದ ನಾನು ಬದುಕಿದ್ದೇ ಹಾಗೆ.

ಈ ಅಭ್ಯಾಸ ಕಚೇರಿಯ ಗೇಟಿನಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಅದು ನನ್ನ ಜೊತೆ ಬಸ್ಸು ಹತ್ತಿ ಮನೆಗೂ ಬಂತು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ನಿರ್ಮಲಾ ತವರುಮನೆ ಭಾಲ್ಕಿಯಿಂದ ನನಗೊಂದು ಕಾಗದ ಬರೆದಳು. ಮೊದಲ ಕಾಗದ. ಲಕೋಟೆ ಒಡೆದ ಕೂಡಲೇ ನನಗೆ ಕೈ ಬೆವರಿ, ಈ ಬೆವರಿಗೆ ಶಾಯಿ ಹರಡಿಬಿಟ್ಟರೆ ಗತಿಯೇನು ಎಂಬ ಭಯವಾಯಿತು. ನೆಟ್ಟಗೆ ಹೋಗಿ ಅದರ ಜೆರಾಕ್ಸ್ ಮಾಡಿಸಿದೆ. ಮೂಲವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ, ಜೆರಾಕ್ಸ್ ಓದಿದೆ. ನನಗಿಂತ ಮೊದಲು ಜೆರಾಕ್ಸ್ ಅಂಗಡಿಯವನು ಅದನ್ನು ಓದಿದ್ದ ಎಂಬುದು, ಅವನು ಚಿಲ್ಲರೆ ವಾಪಸು ಕೊಡುವಾಗ ನಕ್ಕ ರೀತಿಯಿಂದ ತಿಳಿಯಿತು. ಅವನಿಗೆ ಕನ್ನಡ ಬರುತ್ತಿದ್ದುದು ನನ್ನ ದುರ್ದೈವ. ನಿರ್ಮಲಾ ಇಂದಿಗೂ ನೆಂಟರ ಮುಂದೆ, “ನಮ್ಮನಿಯವರು ನನ್ನ ಕಾಗದ ಓದಿಲ್ಲ ನೋಡ್ರಿ, ಅದರ ಫೋಟೋ ಓದ್ಯಾರ” ಎನ್ನುತ್ತಾಳೆ.

ಆಗ ಹೈದರಾಬಾದಿನಲ್ಲಿ ಕಂಪ್ಯೂಟರಿನ ಗಾಳಿ ಬೀಸತೊಡಗಿದ ಕಾಲ. ಅಮೀರಪೇಟೆಯಲ್ಲಿ ಗೋಡೆ ಎಂಬುದು ಕಾಣುತ್ತಿರಲಿಲ್ಲ, ಬರೀ ತರಬೇತಿಯ ಫಲಕಗಳೇ. ನಮ್ಮ ಕಾರ್ಖಾನೆಯಲ್ಲಿ ಟಪಾಲು ವಿಭಾಗವನ್ನು ಕುಗ್ಗಿಸುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಅದು ನಿಜವೋ ಸುಳ್ಳೋ ವಿಚಾರಿಸುವ ವ್ಯವಧಾನ ನನಗಿರಲಿಲ್ಲ. ನಿಂತಲ್ಲಿ ನಿಲ್ಲಲಾಗದೆ, ಕೂತಲ್ಲಿ ಕೂರಲಾಗದೆ, ಬೆಳಗಿನ ಆರು ಗಂಟೆಯ ತರಗತಿಗೆ ಹೆಸರು ಕೊಟ್ಟೆ. ಇಪ್ಪತ್ತರ ಹರೆಯದವರ ನಡುವೆ ನಲವತ್ತೊಂದರ ನಾನು ಕೂತು, ಸಿ ಎಂಬ ಒಂದೇ ಅಕ್ಷರದ ಹೆಸರುಳ್ಳ ಭಾಷೆಯನ್ನು ಕಲಿತೆ. ಒಂದು ವರ್ಷದ ನಂತರ ಬೇಗಂಪೇಟೆಯಲ್ಲಿ ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಒಂದು ಸಣ್ಣ ಕಂಪನಿ ನನ್ನನ್ನು ಆರು ತಿಂಗಳ ಪರೀಕ್ಷಾರ್ಥ ಅವಧಿಗೆ ತೆಗೆದುಕೊಂಡಿತು. ಸರ್ಕಾರಿ ನೌಕರಿಗೆ ರಾಜೀನಾಮೆ ಕೊಟ್ಟು, ಕ್ವಾರ್ಟರ್ಸ್ ಬಿಟ್ಟು, ನಾಚಾರಂನಲ್ಲಿ ಎರಡು ಕೋಣೆಯ ಮನೆ ಹಿಡಿದೆವು.

ಇಲ್ಲಿ ಒಂದು ಮುಖ್ಯವಾದ ಅಂಶವನ್ನು ಓದುಗರಿಂದ ಮುಚ್ಚಿಡುವುದು ಸರಿಯಲ್ಲ. ನಾನು ರಾಜೀನಾಮೆ ಕೊಟ್ಟ ಸಂಗತಿ ನಮ್ಮ ಮಾವನವರಿಗೆ ಗೊತ್ತಿರಲಿಲ್ಲ. ಅವರು ಮಗಳನ್ನು ನನಗೆ ಕೊಟ್ಟದ್ದು ಎನ್ನುವುದಕ್ಕಿಂತ ಕೇಂದ್ರ ಸರ್ಕಾರಕ್ಕೆ ಕೊಟ್ಟದ್ದು ಎನ್ನುವುದೇ ಹೆಚ್ಚು ನಿಖರ. ನಿರ್ಮಲಾ ಆಗಲೇ ತೀರ್ಮಾನಿಸಿದ್ದಳು: “ನೀವು ಮೊದಲ ಖಾಯಂ ಆಗ್ರಿ. ಖಾಯಂ ಆದ ಕಾಗದ ಕೈಯಾಗ ಹಿಡ್ಕೊಂಡ ಹೇಳೋಣಂತ. ಬರೀ ಬಾಯಿಲೆ ಹೇಳಿದ್ರ ಅಪ್ಪಾಜಿ ನಂಬಂಗಿಲ್ಲ, ನನ್ನನ್ನ ಭಾಲ್ಕಿಗೆ ಕರ್ಕೊಂಡ ಹೋಗ್ತಾರ.” ಆರು ತಿಂಗಳು ಮುಗಿಯುವ ಹೊತ್ತಿಗೆ ಸರಿಯಾಗಿ, ಮುಂದಿನ ತಿಂಗಳ ಮೊದಲ ವಾರ ಬರುತ್ತೇನೆಂದು ಮಾವನವರ ಕಾಗದ ಬಂತು. ಅದರ ಜೆರಾಕ್ಸ್ ಮಾಡಿಸಬೇಡಿ ಎಂದು ನಿರ್ಮಲಾ ಮುಂಚಿತವಾಗಿಯೇ ತಿಳಿಸಿದಳು.

ಕಂಪನಿಯಲ್ಲಿ ನನ್ನ ಮೇಲಧಿಕಾರಿ ಅರುಂಧತಿ ಎಂಬ ರಾಯಚೂರಿನ ಹೆಣ್ಣುಮಗಳು. ಅವರಿಗೆ ಇಪ್ಪತ್ತಾರು ವರ್ಷ. ಅಧಿಕಾರದ ಕಾರಣದಿಂದ ನಾನು ಅವರನ್ನು ಮೇಡಂ ಎನ್ನುತ್ತಿದ್ದೆ, ವಯಸ್ಸಿನ ಕಾರಣದಿಂದ ಅವರು ನನ್ನನ್ನು ಸರ್ ಎನ್ನುತ್ತಿದ್ದರು. ಹೀಗಾಗಿ ನಮ್ಮಿಬ್ಬರ ಮಾತು ಕೇಳಿದವರಿಗೆ ಯಾರು ಯಾರ ಕೈಕೆಳಗೆ ಎಂಬುದು ತಿಳಿಯುತ್ತಿರಲಿಲ್ಲ. ನಮಗೆ ಸಿಕ್ಕಿದ್ದ ಕೆಲಸ ದೂರವಾಣಿ ಡೈರೆಕ್ಟರಿ ಅಚ್ಚು ಹಾಕುವ ಒಂದು ಸಂಸ್ಥೆಯದು. ಅವರ ಬಳಿ ಲಕ್ಷಗಟ್ಟಲೆ ಹೆಸರುಗಳ ಪಟ್ಟಿ ಇತ್ತು. ಒಬ್ಬರದೇ ಹೆಸರು ಎರಡೆರಡು ಕಡೆ ಸೇರಿಕೊಂಡಿತ್ತು. ಅವನ್ನು ಪತ್ತೆ ಹಚ್ಚಬೇಕು. ಪ್ರತಿಯೊಂದು ಹೆಸರನ್ನೂ ಉಳಿದ ಲಕ್ಷ ಹೆಸರುಗಳ ಜೊತೆ ಹೋಲಿಸುತ್ತ ಕೂತರೆ ನಮ್ಮ ಮೊಮ್ಮಕ್ಕಳು ಬಂದು ಮುಗಿಸಬೇಕಾಗುತ್ತದೆ. ಅದಕ್ಕೊಂದು ಉಪಾಯವಿದೆ. ಹೆಸರಿನ ಒಂದೊಂದೇ ಅಕ್ಷರವನ್ನು ತೆಗೆದುಕೊಂಡು, ಗುಣಿಸಿ, ಕೂಡಿಸಿ, ಮುಂದಕ್ಕೆ ಹೋಗುತ್ತ ಕೊನೆಗೆ ಒಂದು ಸಂಖ್ಯೆ ಪಡೆಯುವುದು. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಆ ಸಂಖ್ಯೆ ಯಾವುದೋ ಆ ಸಂಖ್ಯೆಯ ಗೂಡಿನಲ್ಲಿ ಹೆಸರನ್ನು ಇಡುವುದು. ಅದೇ ಹೆಸರು ಮತ್ತೆ ಬಂದರೆ ಅದೇ ಸಂಖ್ಯೆ ಬರುತ್ತದೆ, ಅದೇ ಗೂಡಿಗೆ ಹೋಗುತ್ತದೆ, ಅಲ್ಲಿ ಸಿಕ್ಕಿಬೀಳುತ್ತದೆ. ಇದನ್ನು ಕೇಳಿದಾಗ ನನಗೆ ಆನಂದವಾಯಿತು. ಗೂಡುಗಳಿರುವ ಮರದ ಕಪಾಟಿನ ಮುಂದೆ ಹದಿನೇಳು ವರ್ಷ ನಿಂತವನು ನಾನು. ಇಷ್ಟು ದಿನಕ್ಕೆ ಈ ಊರಿನಲ್ಲಿ ನನಗೆ ಗೊತ್ತಿರುವ ಒಂದು ಕೆಲಸ ಸಿಕ್ಕಿತು ಎಂದುಕೊಂಡೆ.

ನಾನು ಬರೆದ ಪ್ರೋಗ್ರಾಮು ಹೇಗಿತ್ತೆಂದರೆ, ಒಂದು ಹೆಸರು ಬಂದ ಕೂಡಲೇ ಮೊದಲು ಅದರ ಉದ್ದ ಅಳೆಯುವುದು. ಅಷ್ಟು ಉದ್ದದ ಜಾಗವನ್ನು ಯಂತ್ರದ ನೆನಪಿನಲ್ಲಿ ಕೋರಿ ಪಡೆಯುವುದು. ಅಲ್ಲಿ ಹೆಸರಿನ ನಕಲು ಇಳಿಸುವುದು. ನಕಲನ್ನು ಮೂಲದ ಜೊತೆ ಅಕ್ಷರಶಃ ತಾಳೆ ನೋಡುವುದು. ಇನ್ನೊಂದು ನಕಲು ತೆಗೆದು ಬೇರೆಡೆ ಇಡುವುದು. ಇಷ್ಟೆಲ್ಲ ಆದ ಮೇಲೆ ಮೊದಲನೆಯ ನಕಲನ್ನು ಓದಿ ಸಂಖ್ಯೆ ತೆಗೆಯುವುದು, ಓದಿದ ನಕಲನ್ನು ವಿಲೇವಾರಿ ಮಾಡುವುದು. ಎರಡನೆಯ ನಕಲನ್ನು ಮಾತ್ರ ನಾನು ಅಳಿಸಿರಲಿಲ್ಲ. ಕಡತಕ್ಕೆ ಸೇರಿದ ಪ್ರತಿಯನ್ನು ಹಾಗೆಲ್ಲ ನಾಶಪಡಿಸಲು ಬರುವುದಿಲ್ಲ, ಅದಕ್ಕೊಂದು ಸಮಿತಿ ಕೂರಬೇಕು ಎಂಬುದು ನನ್ನ ರಕ್ತದಲ್ಲೇ ಇಳಿದುಹೋಗಿತ್ತು. ಬೇರೆಯವರು ಹತ್ತು ಸಾಲಿನಲ್ಲಿ ಮುಗಿಸುವುದನ್ನು ನಾನು ಎರಡು ಪುಟ ಬರೆದಿದ್ದೆ. ಎರಡು ಪುಟವಾದದ್ದಕ್ಕೆ ಸ್ವಲ್ಪ ಹೆಮ್ಮೆಯೂ ಇತ್ತು.

ಒಂದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಅದನ್ನು ಓಡಿಸಿದೆ. ಹನ್ನೊಂದಕ್ಕೆ ಚಹಾ ಬಂತು, ಹೋಯಿತು. ಒಂದಕ್ಕೆ ಎಲ್ಲರೂ ಊಟದ ಡಬ್ಬಿ ಬಿಚ್ಚಿದರು. ಯಂತ್ರ ಒಳಗೊಳಗೇ ಕರಕರ ಎನ್ನುತ್ತಿತ್ತು. ನಾನು ಕೂತೆ, ಎದ್ದೆ, ಕಿಟಕಿಯಿಂದ ಕೆಳಗೆ ಸೀರೆ ಕೊಳ್ಳುವವರನ್ನು ನೋಡಿದೆ, ಮತ್ತೆ ಬಂದು ಪರದೆ ನೋಡಿದೆ, ಸುಮ್ಮನೆ ಅದರ ಧೂಳು ಒರೆಸಿದೆ. ಮೂರು ಗಂಟೆಗೆ ಕರಕರ ನಿಂತಿತು. ಕೆಲಸ ಮುಗಿಯಿತೆಂದು ಹಿಗ್ಗಿದೆ. ಮುಗಿದದ್ದು ಕೆಲಸವಲ್ಲ, ಯಂತ್ರದ ನೆನಪಿನ ಜಾಗ. ಅರುಂಧತಿ ಮೇಡಂ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು ಎರಡು ಪುಟವನ್ನೂ ಓದಿದರು.

“ಸರ್, ಈ ಹೆಸರನ್ನ ನಕಲ್ ಯಾಕ್ ಮಾಡೀರಿ?”

“ಮೂಲಕ್ಕೆ ಧಕ್ಕೆ ಆಗಬಾರದು ಅಂತ, ಮೇಡಂ.”

“ನೀವ್ ಬರೀ ಓದಾಕತ್ತೀರಿ. ಓದಿದ್ರ ಏನ್ ಧಕ್ಕಿ ಆಗ್ತೈತ್ರೀ?”

ಚಹಾದ ಲೋಟದ ಪ್ರಕರಣ ಬಾಯಿಯ ತುದಿಗೆ ಬಂದಿತ್ತು, ನುಂಗಿಕೊಂಡೆ.

“ಇದೇನ್ರೀ ನಡುವ, ನಕಲು ಮೂಲ ಎರಡೂ ಕೂಡಿಸಿ ನೋಡೀರಲ್ಲ?”

“ಅದು ದೃಢೀಕರಣ, ಮೇಡಂ.”

“ಹೌದಾ. ಮತ್ತ ಈ ಎರಡನೇ ನಕಲು?”

“ಅದು ಕಚೇರಿ ಪ್ರತಿ.”

ಅವರು ಕುರ್ಚಿಯನ್ನು ನನ್ನತ್ತ ತಿರುಗಿಸಿಕೊಂಡರು. ಆಮೇಲೆ ಬಹಳ ಮೃದುವಾಗಿ, “ಯಾವ ಕಚೇರಿ ಸರ್?” ಎಂದು ಕೇಳಿದರು.

ನಾನು ಪರದೆಯ ಧೂಳನ್ನು ಮತ್ತೊಮ್ಮೆ ಒರೆಸಿದೆ. ಅವರು ಎದ್ದು ನಿಂತು, ಸಿಟ್ಟಿಲ್ಲದೆಯೇ ಹೇಳಿದರು: “ನೋಡ್ರಿ ಸರ್, ಒಂದ್ ಹೆಸರಿನ ಮ್ಯಾಲೆ ನೀವ್ ಐದಾರು ಸಲ ಓಡಾಡಾಕತ್ತೀರಿ. ಒಂದ್ ಸಲ ಸಾಕು. ಅದು ಎಲ್ಲೈತಿ ಅಲ್ಲೇ ಓದ್ರಿ. ಬರೂ ಗುರುವಾರ ಮುಂಜಾನೆ ಡೈರೆಕ್ಟರಿಯವ್ರು ಬರಾಕತ್ತಾರ. ಅವ್ರ ಮುಂದ ಹತ್ತು ನಿಮಿಷದಾಗ ಇದು ಮುಗೀಬೇಕು. ಈ ತಿಂಗಳಿಗೆ ನಿಮ್ಮ ಆರು ತಿಂಗಳೂ ಮುಗೀತಾವ. ನಾನು ನಿಮ್ಮ ಬಗ್ಗೆ ಏನಾರ ಬರೀಬೇಕಲ್ರೀ.”

ಶನಿವಾರ ನನಗೆ ಊಟ ಸೇರಲಿಲ್ಲ. ಭಾನುವಾರ, ಮಾವನವರು ಬರುವುದಕ್ಕೆ ಮುಂಚೆ ದಿನಸಿ ತರೋಣವೆಂದು ನಿರ್ಮಲಾ ನನ್ನನ್ನು ಬೇಗಂ ಬಜಾರಿಗೆ ಎಳೆದುಕೊಂಡು ಹೋದಳು. ದಿನಸಿ ಚೀಟಿಯನ್ನು ನಾನು ಎರಡು ಪ್ರತಿ ಮಾಡಿದ್ದೆ. ಅವಳು ಎರಡನ್ನೂ ಮನೆಯಲ್ಲೇ ಬಿಟ್ಟು ಬಂದಿದ್ದಳು. ಜೋಳದ ಅಂಗಡಿಯಲ್ಲಿ ಮುದುಕ ವ್ಯಾಪಾರಿಯೊಬ್ಬರು ಗಾದಿಯ ಮೇಲೆ ಒರಗಿದ್ದರು. ಮುಂದೆ ಬಾಯಿ ತೆರೆದ ಚೀಲಗಳ ಸಾಲು. ನಾನು ಅವರಲ್ಲಿ, ಒಂದಿಷ್ಟು ಜೋಳವನ್ನು ಪೊಟ್ಟಣದಲ್ಲಿ ಕಟ್ಟಿಕೊಟ್ಟರೆ ಮನೆಗೆ ಒಯ್ದು ಪರಿಶೀಲಿಸಿ ನಂತರ ತಿಳಿಸಲಾಗುವುದು ಎಂಬ ಅರ್ಥದ ಮಾತನ್ನು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವರು ಒರಗಿದ್ದವರು ಎದ್ದು ಕೂತರು. “ಅರೇ ಸಾಬ್, ಬೋರಾ ಸಾಮನೇಚ್ ಹೈ! ಯಹೀಂಚ್ ಹಾಥ್ ಡಾಲೋ, ಯಹೀಂಚ್ ದೇಖೋ. ಘರ್ ಕೂ ಲೇಜಾಕೆ ಕ್ಯಾ ದೇಖತೇ?” ಚೀಲ ಎದುರಿಗೇ ಇರುವಾಗ ಇಲ್ಲೇ ಕೈ ಹಾಕಿ ನೋಡುವುದು ಬಿಟ್ಟು ಮನೆಗೆ ಒಯ್ದು ಏನು ನೋಡುತ್ತೀರಿ ಎಂಬುದು ಅವರ ಪ್ರಶ್ನೆ. ಅಷ್ಟರಲ್ಲಿ ನಿರ್ಮಲಾ ಮೊಣಕೈವರೆಗೆ ಕೈ ಇಳಿಸಿ, ತಳದ ಜೋಳ ಬೆರಳಲ್ಲಿ ಉಜ್ಜಿ, ಕೈ ಹೊರಗೆ ತೆಗೆದು, “ಹಳೇ ಜ್ವಾಳ ಅವ. ಮ್ಯಾಲಷ್ಟೇ ಹೊಸಾವು ಸುರುವ್ಯಾರ. ನಡೀರಿ” ಎಂದಳು. ಮುದುಕರು ತಲೆ ತಗ್ಗಿಸಿ ಇನ್ನೊಂದು ಚೀಲ ತೋರಿಸಿದರು. ನಾನು ಆ ಮೊದಲನೆಯ ಚೀಲವನ್ನೇ ನೋಡುತ್ತ ನಿಂತಿದ್ದೆ. ಕೈ ಒಳಗೆ ಹೋಯಿತು, ತಿಳಿಯಬೇಕಾದದ್ದನ್ನು ತಿಳಿದುಕೊಂಡಿತು, ಹೊರಗೆ ಬಂತು. ಚೀಲ ಇದ್ದಲ್ಲೇ ಇತ್ತು. ಒಂದು ಕಾಳೂ ಇನ್ನೊಂದು ಚೀಲಕ್ಕೆ ಹೋಗಲಿಲ್ಲ. “ಏನ್ರೀ, ಜ್ವಾಳದ ಚೀಲಕ್ಕ ಕೈ ಮುಗೀತೀರೇನು?” ಎಂದು ನಿರ್ಮಲಾ ತೋಳು ಹಿಡಿದು ಎಳೆದಾಗಲೇ ನನಗೆ ಎಚ್ಚರ.

ಸೋಮವಾರ ಅರುಂಧತಿ ಮೇಡಂ ನನಗೆ ಇನ್ನೊಂದು ವಿಷಯ ತೋರಿಸಿದರು. ಪ್ರೋಗ್ರಾಮಿನಲ್ಲಿ ಹೆಸರನ್ನು ಒಪ್ಪಿಸಿಕೊಳ್ಳುವ ಜಾಗದಲ್ಲಿ ಕಾನ್ಸ್ಟ್ ಎಂಬ ಒಂದು ಪದ ಸೇರಿಸಿದರೆ, ‘ನಾನು ಇದನ್ನು ಓದುತ್ತೇನೆಯೇ ಹೊರತು ತಿದ್ದುವುದಿಲ್ಲ’ ಎಂದು ಮುಚ್ಚಳಿಕೆ ಬರೆದುಕೊಟ್ಟ ಹಾಗೆ. ಆಮೇಲೆ ಮೈಮರೆತು ತಿದ್ದಲು ಹೋದರೂ ಯಂತ್ರ ಅದನ್ನು ಒಪ್ಪದೆ ಹಿಂದಿರುಗಿಸುತ್ತದೆ. ಮುಚ್ಚಳಿಕೆ ಎಂದ ಮೇಲೆ ನನಗೆ ಜೀವ ಬಂತು. ಆ ಪದ ಬರೆದು, ಬೇಕೆಂದೇ ಒಂದು ಅಕ್ಷರ ತಿದ್ದಲು ಯತ್ನಿಸಿದೆ. ಹಿಂದಿರುಗಿಸಿತು. ಇನ್ನೊಂದು ಸಲ ಯತ್ನಿಸಿದೆ. ಹಿಂದಿರುಗಿಸಿತು. ಒಂಬತ್ತನೆಯ ಸಲಕ್ಕೆ ಮೇಡಂ, “ಸರ್, ಅದು ನಿಮ್ಮಂಗ ಅಲ್ಲ, ಸಂಶಯ ಬರಂಗಿಲ್ಲ ಅದಕ್ಕ” ಎಂದು ನನ್ನ ಕೈಯಿಂದ ಕೀಲಿಮಣೆ ಆಚೆ ಸರಿಸಿದರು. ಹೆಸರು ಇದ್ದಲ್ಲೇ ಇರುತ್ತದೆ. ಅದರ ಮೊದಲ ಅಕ್ಷರದ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಮುಂದಕ್ಕೆ ಸರಿಯುತ್ತ, ಗುಣಿಸಿ ಕೂಡಿಸುತ್ತ, ಹೆಸರು ಮುಗಿದ ಗುರುತು ಸಿಕ್ಕಾಗ ಬೆರಳು ತೆಗೆಯುವುದು. ಅಷ್ಟೇ. ಎರಡು ಪುಟ ಎಂಟು ಸಾಲಾಯಿತು. ಮಂಗಳವಾರ ಓಡಿಸಿದರೆ ನಾಲ್ಕು ನಿಮಿಷ! ಎದ್ದು ನಿಂತು, ಕೂತು, ಮತ್ತೆ ಎದ್ದು ನಿಂತು, ಮೂಲೆಮನೆಯವರ ಫೋನಿಗೆ ಕರೆ ಮಾಡಿ ನಿರ್ಮಲಾಳನ್ನು ಕರೆಸಿ ಹೇಳಿದೆ. ಅವಳು, “ನಾಕು ನಿಮಿಷಕ್ಕ ಫೋನ್ ಯಾಕ್ ಮಾಡಿದ್ರಿ, ಒಲಿ ಮ್ಯಾಲ ಹಾಲೈತಿ” ಎಂದಳು.

ಇಲ್ಲಿಗೇ ನಿಲ್ಲಿಸಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಹದಿನೇಳು ವರ್ಷ ನಕಲು ತೆಗೆದವನಿಗೆ ನಕಲು ಬೇಡವೆಂಬ ಜ್ಞಾನೋದಯವಾದರೆ, ಅವನು ಮನೆಯವರ ಮುಖದಲ್ಲೂ ನಕಲು ಹುಡುಕುತ್ತಾನೆ. ಬುಧವಾರ ಇಡೀ ದಿನ ನಾನು ಪ್ರೋಗ್ರಾಮಿನ ಮೂಲೆಮೂಲೆ ಜಾಲಾಡಿದೆ. ಸಂಜೆಯ ಹೊತ್ತಿಗೆ ಒಂದು ನಕಲು ಸಿಕ್ಕಿತು. ಅದು ನಾನು ಬರೆದದ್ದಲ್ಲ, ಮೇಡಂ ಬರೆದದ್ದು. ಹೆಸರಿನ ಸಂಖ್ಯೆ ತೆಗೆದ ಮೇಲೆ, ಅದನ್ನು ಗೂಡಿನಲ್ಲಿ ಇಡುವ ಜಾಗದಲ್ಲಿ ಅವರು ಹೆಸರಿನ ಒಂದು ನಕಲು ಮಾಡಿ ಇಡುತ್ತಿದ್ದರು. ಅವರ ಕಣ್ಣಿಗೂ ಬೀಳದೆ ತಪ್ಪಿಸಿಕೊಂಡದ್ದು ನನ್ನ ಕಣ್ಣಿಗೆ ಬಿತ್ತಲ್ಲ ಎಂದು ಎದೆ ಉಬ್ಬಿತು. ಅವರು ಬೇಗ ಮನೆಗೆ ಹೋಗಿದ್ದರು. ನಾನೇ ಅದನ್ನು ತೆಗೆದುಹಾಕಿದೆ. ನಕಲಿನ ಬದಲು ‘ಹೆಸರು ಇಂಥ ಜಾಗದಲ್ಲಿದೆ, ಅಲ್ಲಿ ನೋಡಿಕೊಳ್ಳತಕ್ಕದ್ದು’ ಎಂಬ ಸೂಚನೆಯನ್ನು ಮಾತ್ರ ಗೂಡಿನಲ್ಲಿ ಇಟ್ಟೆ. ಓಡಿಸಿ ನೋಡಿದೆ. ನಲವತ್ತು ಸೆಕೆಂಡು. ಖಾಯಂ ಪತ್ರ ಕೈಯಲ್ಲಿ ಹಿಡಿದ ಹಾಗೆಯೇ ಬಸ್ಸಿನಲ್ಲಿ ಮನೆಗೆ ಹೋದೆ. ಗೂಡಿನೊಳಗೆ ಏನಿದೆ ಎಂದು ಇಣುಕಿ ನೋಡಲಿಲ್ಲ. ಜೀವಮಾನದಲ್ಲಿ ತಾಳೆ ನೋಡದೆ ಬಿಟ್ಟದ್ದು ಅದೊಂದೇ.

ಗುರುವಾರ ಬೆಳಿಗ್ಗೆ ಡೈರೆಕ್ಟರಿ ಸಂಸ್ಥೆಯಿಂದ ದಪ್ಪ ಕನ್ನಡಕದ ಹಿರಿಯರೊಬ್ಬರು ಬಂದರು. ನಲವತ್ತು ಸೆಕೆಂಡಿನಲ್ಲಿ ಕೆಲಸ ಮುಗಿದಾಗ ಅವರು ಕುರ್ಚಿಯಿಂದ ಮುಂದೆ ಬಾಗಿದರು. ಮೇಡಂ ಮಾತ್ರ ನನ್ನ ಕಡೆ ಅನುಮಾನದಿಂದ ನೋಡಿದರು. ನಾಲ್ಕು ನಿಮಿಷವಿದ್ದದ್ದು ನಲವತ್ತು ಸೆಕೆಂಡಿಗೆ ಇಳಿದದ್ದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಹಿರಿಯರು ತಮ್ಮ ಹೆಸರು ಇದೆಯೇ ತೋರಿಸಿ ಎಂದರು. ಮೇಡಂ ಅವರ ಹೆಸರಿನ ಗೂಡು ತೆರೆದರು. ಪರದೆಯ ಮೇಲೆ ‘ಜುಬೇದಾ ಬೇಗಂ’ ಎಂದು ಬಂತು. ಇನ್ನೊಂದು ಗೂಡು ತೆರೆದರು. ಜುಬೇದಾ ಬೇಗಂ. ಹತ್ತು ಗೂಡು ದಾಟಿ ಮತ್ತೊಂದು ತೆರೆದರು. ಅಲ್ಲೂ ಆ ತಾಯಿಯೇ ಕೂತಿದ್ದರು. ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ತೆಲುಗಿನಲ್ಲಿ, “ಏನಮ್ಮಾ ಇದು, ಊರಿನ ಫೋನುಗಳೆಲ್ಲ ಈ ಒಬ್ಬ ಬೇಗಂ ಅವರ ಮನೆಯಲ್ಲೇ ಇವೆಯಾ? ಬಿಲ್ಲು ಕಟ್ಟುವವರು ಯಾರು ಪಾಪ?” ಎಂದು ಕೇಳಿದರು.

ಆದದ್ದು ಇಷ್ಟೇ. ನಮ್ಮ ಪ್ರೋಗ್ರಾಮು ಕಡತದಿಂದ ಹೆಸರುಗಳನ್ನು ಓದುವಾಗ ಒಂದೇ ಹಲಗೆಯ ಮೇಲೆ ಒಂದು ಹೆಸರು ಬರೆದು, ಅದನ್ನು ಒರೆಸಿ ಇನ್ನೊಂದು ಬರೆಯುತ್ತ ಹೋಗುತ್ತಿತ್ತು. ಮೇಡಂ ಹಲಗೆಯಿಂದ ಹೆಸರನ್ನು ಇಳಿಸಿಕೊಂಡು ಗೂಡಿಗೆ ಹಾಕುತ್ತಿದ್ದರು. ನಾನೋ, ಲಕ್ಷಗಟ್ಟಲೆ ಗೂಡುಗಳಲ್ಲಿಯೂ ‘ಹಲಗೆ ನೋಡಿ’ ಎಂಬ ಚೀಟಿ ಇಟ್ಟಿದ್ದೆ. ಎಲ್ಲ ಮುಗಿದಾಗ ಹಲಗೆಯ ಮೇಲೆ ಉಳಿದದ್ದು ಪಟ್ಟಿಯ ಕಟ್ಟಕಡೆಯ ಹೆಸರು. ಮೇಡಂ ಅದನ್ನು ಕಂಡುಹಿಡಿಯಲು ಒಂದು ನಿಮಿಷ, ನಾನು ಕಿತ್ತುಹಾಕಿದ್ದ ಸಾಲನ್ನು ಮತ್ತೆ ಬರೆಯಲು ಇನ್ನೊಂದು ನಿಮಿಷ ತೆಗೆದುಕೊಂಡರು. ಈ ಸಲ ನಾಲ್ಕು ನಿಮಿಷ ಹಿಡಿಯಿತು. ಹಿರಿಯರಿಗೆ ಅವರ ಹೆಸರು ಸಿಕ್ಕಿತು, ಅದು ಎರಡು ಸಲ ಇದ್ದದ್ದೂ ಸಿಕ್ಕಿತು. ಅವರು ಒಪ್ಪಿ, ನಕ್ಕು, ಮೆಟ್ಟಿಲಿಳಿಯುವಾಗ “ಬೇಗಂ ಸಾಹೇಬರಿಗೆ ನನ್ನ ಸಲಾಂ” ಎಂದು ನನ್ನತ್ತ ಕೈ ಎತ್ತಿ ಹೋದರು. ಹೋದ ಮೇಲೆ ಮೇಡಂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಸರ್, ಓದಾಕ ನಕಲು ಬ್ಯಾಡ. ಇಟ್ಕೊಳ್ಳಾಕ ಬೇಕು. ಅದೂ ಒಂದ ಒಂದು” ಎಂದರು. ಇಷ್ಟು ಸಣ್ಣ ವ್ಯತ್ಯಾಸವನ್ನು ಹದಿನೇಳು ವರ್ಷದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರೂ ಆ ಸುತ್ತೋಲೆಯ ನಕಲು ಮಾತ್ರ ನನ್ನ ಬಳಿ ಇರಬೇಕು, ನಾನು ಓದಿರಲಿಕ್ಕಿಲ್ಲ.

ತಿಂಗಳ ಕೊನೆಯ ದಿನ ಮೇಡಂ ನನ್ನನ್ನು ಕರೆದರು. ಮಾವನವರು ಬರಲು ಐದು ದಿನವಿತ್ತು. “ಮಾಲೀಕರು ನಿಮ್ಮನ್ನ ಬಿಡಿಸ್ರಿ ಅಂದ್ರು, ಸರ್. ನಾ ಬ್ಯಾಡ ಅಂದೀನಿ. ನಿಮಗ ಕೆಲಸ ಬರ್ತೈತಿ, ಅಂಜಿಕಿ ಹೋಗಬೇಕಷ್ಟ. ಪರೀಕ್ಷೆ ಅವಧಿ ಒಂದ್ ತಿಂಗಳು ಮುಂದಕ್ಕ ಹಾಕೋಣ.” ನನಗೆ ಬಿಟ್ಟ ಉಸಿರು ವಾಪಸು ಬಂತು. ಅವರು ಸ್ವಲ್ಪ ಸಂಕೋಚದಿಂದ ಮುಂದುವರಿಸಿದರು: “ಮತ್ತ, ಇಂಥಾ ಪತ್ರ ಬರಿಯಾಕ ಇಲ್ಲಿ ಯಾರಿಗೂ ಬರಂಗಿಲ್ರೀ. ನೀವ ಬರ್ದಬಿಡ್ರಿ, ನಾ ಸಹಿ ಮಾಡ್ತೀನಿ. ಎರಡ್ ಸಾಲ್ ಸಾಕು.”

ನಾನು ನನ್ನ ಜಾಗಕ್ಕೆ ಬಂದು ಕೂತೆ. ಎರಡು ಸಾಲು ಬರೆದೆ. ಓದಿದೆ. ಬಹಳ ಬಡವಾಗಿ ಕಂಡಿತು. ಕಾರಣವಿಲ್ಲದೆ ಅವಧಿ ವಿಸ್ತರಿಸಲು ಯಾವ ಕಚೇರಿಯಲ್ಲಿ ಬರುತ್ತದೆ? ‘ಮೇಲ್ಕಂಡ ನೌಕರರು ತಮಗೆ ವಹಿಸಿದ ಕಾರ್ಯದಲ್ಲಿ ಅನಗತ್ಯ ವಿಳಂಬ ಉಂಟುಮಾಡಿರುವುದು ಗಮನಕ್ಕೆ ಬಂದಿರುತ್ತದೆ’ ಎಂದು ಸೇರಿಸಿದೆ. ಅದು ಸ್ವಲ್ಪ ನಿಂತಿತು. ‘ಸಾಕಷ್ಟು ಮೌಖಿಕ ಸೂಚನೆಗಳನ್ನು ನೀಡಿದಾಗ್ಯೂ’ ಎಂಬುದನ್ನು ಅದರ ಹಿಂದೆ ಇಟ್ಟಾಗ ವಾಕ್ಯಕ್ಕೆ ತೂಕ ಬಂತು. ‘ಮೇಲಧಿಕಾರಿಗಳ ಪೂರ್ವಾನುಮತಿ ಪಡೆಯದೆ ಸ್ವೇಚ್ಛೆಯಿಂದ ಮಾರ್ಪಾಡು ಮಾಡಿ, ಸಂಸ್ಥೆಯ ಗೌರವಕ್ಕೆ ಕುಂದು ಉಂಟಾಗುವ ಸನ್ನಿವೇಶ ನಿರ್ಮಿಸಿರುತ್ತಾರೆ’ ಎಂದು ಬರೆಯುವಾಗ ನನ್ನ ಪೆನ್ನು ತಾನೇ ಓಡುತ್ತಿತ್ತು. ಆರು ತಿಂಗಳಲ್ಲಿ ಮೊದಲ ಬಾರಿಗೆ ನನ್ನ ಕಾಲು ಅಲ್ಲಾಡುವುದು ನಿಂತಿತ್ತು. ‘ಸದರಿಯವರ ಸ್ವಭಾವದಲ್ಲಿ ಅಂತರ್ಗತವಾಗಿರುವ ಅತಿಯಾದ ಭೀತಿ ಹಾಗೂ ಅದಕ್ಕೆ ಸಮನಾದ ಅತಿಯಾದ ಉತ್ಸಾಹ’ ಎಂಬ ಮಾತು ಹೊಳೆದಾಗ, ಇದು ಯಾರ ಬಗ್ಗೆ ಎಂಬುದೇ ಮರೆತುಹೋಗಿ, ಎಷ್ಟು ಚೆನ್ನಾಗಿ ಬಂತಲ್ಲ ಎಂದು ಎರಡು ಸಲ ಓದಿಕೊಂಡೆ. ಒಂದೂವರೆ ಪುಟವಾಯಿತು.

ಮೇಡಂ ಅದನ್ನು ನಿಂತುಕೊಂಡೇ ಓದಲು ಶುರು ಮಾಡಿ, ಮಧ್ಯದಲ್ಲಿ ಕೂತರು. ಮುಗಿಸಿದ ಮೇಲೆ ನನ್ನನ್ನು ಹೊಸಬನನ್ನು ನೋಡುವ ಹಾಗೆ ನೋಡಿದರು. “ಸರ್, ನಿಮ್ಮಿಂದ ಇಷ್ಟೆಲ್ಲಾ ಆಗೇತಿ ಅಂತ ನನಗ ಖರೇನ ಗೊತ್ತಿರಲಿಲ್ಲ” ಎಂದು, ‘ಒಂದು ತಿಂಗಳು’ ಎಂಬುದನ್ನು ಹೊಡೆದು ‘ಮೂರು ತಿಂಗಳು’ ಎಂದು ಬರೆದು ಸಹಿ ಮಾಡಿದರು. “ನೀವ್ ಬರ್ದಿದ್ ಕಾರಣಕ್ಕ ಒಂದ್ ತಿಂಗಳು ಸಾಲಂಗಿಲ್ರೀ.”

ಮನೆಗೆ ಹೋಗಿ ಪತ್ರವನ್ನು ನಿರ್ಮಲಾಳ ಕೈಗೆ ಕೊಟ್ಟೆ. ಮಾವನವರಿಗೆ ಇನ್ನೂ ಮೂರು ತಿಂಗಳು ಕಾರ್ಖಾನೆಯ ಸುದ್ದಿ ಹೇಳಬೇಕೆಂಬುದು ಅವಳಿಗೆ ಮೊದಲ ಸಾಲಿನಲ್ಲೇ ತಿಳಿಯಿತು. ಆದರೂ ಅವಳು ಪತ್ರ ಕೆಳಗಿಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ, ಒಂದೂವರೆ ಪುಟವನ್ನೂ ಓದಿದಳು. ಭೀತಿ, ಉತ್ಸಾಹ ಎಂಬ ಜಾಗಕ್ಕೆ ಬಂದಾಗ ತಲೆದೂಗಿದಳು. ನಾನು ಚಪ್ಪಲಿ ಸಹ ಬಿಚ್ಚದೆ ನಿಂತಿದ್ದೆ.

“ಯಾರ್ ಬರ್ದಾರ್ರೀ ಇದನ್ನ?” ಎಂದಳು. “ಭಾಳ ಶಾಣ್ಯಾ ಇದ್ದಾರ. ಆರ ತಿಂಗಳದಾಗ ನಿಮ್ಮನ್ನ ಇಷ್ಟು ಛಂದ ತಿಳ್ಕೊಂಡಾರ, ನನಗ ಹದಿನಾಲ್ಕ ವರ್ಷ ಬೇಕಾತು.”

ನನ್ನ ಬರವಣಿಗೆಗೆ ಇದುವರೆಗೆ ಸಿಕ್ಕಿರುವ ಪ್ರಶಂಸೆ ಅದೊಂದೇ. ಬರೆದವನು ಯಾರೆಂದು ಹೇಳಿಕೊಳ್ಳುವ ಧೈರ್ಯ ಮಾತ್ರ ನನಗಾಗಲಿಲ್ಲ.